ಬಿಸಿ ಯಾರದೋ, ಬೈಗುಳ ರ‍್ಯಾಮಿಗೆ

ವೇಗದ ರ‍್ಯಾಮ್ ಹಾಕಿದರೆ ಕಂಪ್ಯೂಟರ್ ಕಾದು ಕೆಂಡವಾಗುತ್ತದೆಯೇ? ಓವರ್‌ಕ್ಲಾಕ್ ಮಾಡಿದರೆ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಿದರೆ, ಸುಟ್ಟೇ ಹೋಗುತ್ತದೆಯೇ? ಕುಮಟಾದಿಂದ ಭಟ್ಕಳದವರೆಗೆ ಬೇಸಿಗೆ ಬಂತೆಂದರೆ ರಿಪೇರಿ ಅಂಗಡಿಗಳ ಮೇಜಿನ ಮೇಲೆ ಈ ಪ್ರಶ್ನೆ ಬಿಚ್ಚಿಕೊಳ್ಳುತ್ತದೆ. ಅರ್ಧ ಉತ್ತರ ವೋಲ್ಟೇಜಿನಲ್ಲಿದೆ. ಉಳಿದರ್ಧ ನಮ್ಮೂರಿನ ಧೂಳಿನಲ್ಲಿ, ಉಪ್ಪುಗಾಳಿಯಲ್ಲಿ!

ಮೇ ತಿಂಗಳ ಮಧ್ಯಾಹ್ನ. ಹೊನ್ನಾವರ ಪೇಟೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಸ್ಕೂಟರ್ ನಿಂತಿತು. ಕಾಲಿಡುವ ಜಾಗದಲ್ಲಿ ಹಳೇ ಪಂಚೆ ಸುತ್ತಿದ ಕ್ಯಾಬಿನೆಟ್. ತಂದವರು ಫೋಟೊ ಸ್ಟುಡಿಯೊ ನಡೆಸುವವರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮದುವೆ ಸೀಸನ್ನಿನ ಆಲ್ಬಮ್ ಕೆಲಸ ರಾಶಿ ಬಿದ್ದಿದೆ. ಅದರ ಮೇಲೆ ರಾತ್ರಿಯಿಡೀ ಆಡಿದ ಯಕ್ಷಗಾನದ ವಿಡಿಯೊ ಬೇರೆ, ಭಾಗವತರ ಕಡೆಯವರು ದಿನಾ ಫೋನ್ ಮಾಡುತ್ತಿದ್ದಾರೆ.

“ತಮಾ, ಹೊಸಾ ರ‍್ಯಾಮ್ ಹಾಕಿದ ಮೇಲೇ ಶುರುವಾಗಿದ್ದು ನೋಡು. ಅರ್ಧ ತಾಸು ಓಡ್ತು, ಆಮೇಲೆ ತಂತಾನೇ ಬಂದ್ ಆಗ್ತು.”

“ಯಾವ ಸ್ಪೀಡಿಂದು ಹಾಕ್ಸಿದ್ರಿ?”

“3600 ದು. ನಮ್ಮನೆ ಮಾಣಿ ಬಯೋಸಲ್ಲಿ ಎಂತದೋ ಆನ್ ಮಾಡಿದ್ದ. ಅದ್ರಿಂದ್ಲೇ ಬಿಸಿ ಆಗ್ತು.”

ಅಂಗಡಿಯ ಹುಡುಗ ಮಾತಾಡಲಿಲ್ಲ. ಸ್ಕ್ರೂ ಬಿಚ್ಚಿ ಪಕ್ಕದ ಬಾಗಿಲು ತೆಗೆದ, ವೈರು ಚುಚ್ಚಿ ಮಷಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟ. ಬಂದ್ ಮಾಡಿ, ರ‍್ಯಾಮಿನ ಮೇಲೆ ಬೆರಳಿಟ್ಟ. ಉಗುರು ಬೆಚ್ಚಗೆ, ಅಷ್ಟೆ. ಅದರಿಂದ ನಾಲ್ಕು ಬೆರಳು ಆಚೆ ಪ್ರೊಸೆಸರಿನ ಹೀಟ್‌ಸಿಂಕಿನ ಬುಡಕ್ಕೆ ಬೆರಳು ತಾಗಿಸಿದವನು ‘ಹಾ’ ಎಂದು ಕೈ ಕೊಡವಿದ. ಹೀಟ್‌ಸಿಂಕಿನ ಎಸಳುಗಳ ನಡುವೆ ಗಾಳಿ ಹೋಗಲು ಜಾಗವೇ ಇರಲಿಲ್ಲ. ಕೆಂಪು ಧೂಳು ಫ್ಯಾನಿನ ಕೆಳಗೆ ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಬ್ಲೋವರ್ ಹಿಡಿದಾಗ ಹಾರಿದ್ದು ಇಡೀ ಅಂಗಡಿಗೆ ಸಾಲುವಷ್ಟು. ಹೀಟ್‌ಸಿಂಕ್ ಎತ್ತಿದರೆ ಅಡಿಯ ಪೇಸ್ಟು ಒಣಗಿ ಬಿರುಕು ಬಿಟ್ಟಿತ್ತು. ಎಸ್‌ಎಂಪಿಎಸ್ಸಿನ ಮೂಲೆಯಲ್ಲಿ ಒಂದು ಹಲ್ಲಿ, ಸತ್ತು ಎಷ್ಟು ಕಾಲವಾಗಿತ್ತೋ.

ಪೇಸ್ಟು ಹೊಸದಾಯಿತು, ಧೂಳು ಹೋಯಿತು. ರ‍್ಯಾಮ್ ಇದ್ದಲ್ಲೇ ಇತ್ತು, 3600ರಲ್ಲೇ ಇತ್ತು. ಮಷಿನ್ ಸಂಜೆಯವರೆಗೆ ಓಡಿತು.

ಹಾಗೆಂದು ಸ್ಟುಡಿಯೊದವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಮಾಣಿ ಬಯೋಸಿನಲ್ಲಿ ಆನ್ ಮಾಡಿದ ‘ಎಂತದೋ’ ಇದೆಯಲ್ಲ, ವಿಷಯ ಇರುವುದು ಅಲ್ಲಿ.

ಎಂಟು ಪಟ್ಟು ವೇಗ, ಅರ್ಧಕ್ಕಿಂತ ಕಡಿಮೆ ವೋಲ್ಟೇಜ್

ವೇಗ ಹೆಚ್ಚಾದರೆ ಬಿಸಿ ಹೆಚ್ಚು ಎಂಬುದು ಬಸ್ಸಿನ ಎಂಜಿನ್ ನೋಡಿ ಬೆಳೆದ ನಮಗೆ ಸಹಜವಾದ ಲೆಕ್ಕ. ಮೆಮೊರಿಯ ಚರಿತ್ರೆ ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಇಪ್ಪತ್ತು ವರ್ಷದ ಹಿಂದೆ ಡಿಟಿಪಿ ಸೆಂಟರುಗಳಲ್ಲಿ ಓಡುತ್ತಿದ್ದ ಡಿಡಿಆರ್-400 ರ‍್ಯಾಮಿಗೆ ಎರಡೂವರೆ ವೋಲ್ಟಿಗಿಂತ ಕಡಿಮೆ ಸಾಲುತ್ತಿರಲಿಲ್ಲ. ಇವತ್ತಿನ ಡಿಡಿಆರ್4-3200 ಅದರ ಎಂಟು ಪಟ್ಟು ವೇಗದಲ್ಲಿ ಓಡುತ್ತದೆ, ಬೇಡುವುದು 1.2 ವೋಲ್ಟ್. ಮೊದಲಿನ ಅರ್ಧವೂ ಇಲ್ಲ. ವೇಗವೊಂದೇ ಬಿಸಿಗೆ ಕಾರಣವಾಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ಮೇಜುಗಳಿಗೆ ಬೆಂಕಿ ಬೀಳಬೇಕಿತ್ತು.

ಚಿಪ್ಪಿನ ಬಿಸಿಗೆ ಒಂದು ಸರಳ ಸೂತ್ರವಿದೆ. ಸ್ವಿಚ್ಚುಗಳು ಬಡಿದುಕೊಳ್ಳುವುದರಿಂದ ಖರ್ಚಾಗುವ ವಿದ್ಯುತ್ತು ವೇಗಕ್ಕೆ ತಕ್ಕ ಹಾಗೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ವೇಗ ಹತ್ತು ಶೇಕಡಾ ಹೆಚ್ಚಿಸಿದರೆ ಖರ್ಚು ಹತ್ತು ಶೇಕಡಾ ಹೆಚ್ಚು. ವೋಲ್ಟೇಜ್ ಹತ್ತು ಶೇಕಡಾ ಹೆಚ್ಚಿಸಿದರೆ ಇಪ್ಪತ್ತೊಂದು ಶೇಕಡಾ. ಆ ಖರ್ಚೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ, ಬೇರೆ ದಾರಿ ಅದಕ್ಕಿಲ್ಲ.

ಈಗ ಅಂಗಡಿಗೆ ಹೋಗಿ ‘3200 ರ‍್ಯಾಮ್ ಕೊಡಿ’ ಎನ್ನಿ. ಎರಡು ಬಗೆಯದು ಸಿಗುತ್ತದೆ. ಒಂದು ಹಸಿರು ಬೋರ್ಡಿನ ಸಾದಾ ಸ್ಟಿಕ್, 1.2 ವೋಲ್ಟಿನಲ್ಲಿ ಓಡುವುದು. ಇನ್ನೊಂದು ಲೋಹದ ಕವಚ ತೊಟ್ಟು, ಬಣ್ಣದ ದೀಪ ಮಿನುಗಿಸುವ ಗೇಮಿಂಗ್ ಸ್ಟಿಕ್, 1.35 ವೋಲ್ಟಿನದು. ಎರಡರದ್ದೂ ವೇಗ ಒಂದೇ. ಆದರೆ ಸೂತ್ರದ ಪ್ರಕಾರ ಎರಡನೆಯದರ ಖರ್ಚು ಮೊದಲನೆಯದಕ್ಕಿಂತ ಕಾಲು ಭಾಗಕ್ಕೂ ತುಸು ಮಿಕ್ಕಿ ಹೆಚ್ಚು. ದುಡ್ಡು ಕೊಟ್ಟು ಕೊಂಡ ಆ ಹೆಚ್ಚುವರಿ ವೋಲ್ಟೇಜ್ ಯಾಕೆಂದರೆ, ಮಾತು ಕೇಳಿ ಉತ್ತರ ಕೊಡುವ ನಡುವಿನ ವಿಳಂಬ ಅದರಲ್ಲಿ ಕಡಿಮೆ. ದೀಪಕ್ಕೂ ವೇಗಕ್ಕೂ ಸಂಬಂಧವಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆ ಹೆಚ್ಚುವರಿಯನ್ನು ಚಾಲೂ ಮಾಡುವ ಗುಂಡಿಗೆ ಇಂಟೆಲ್ ಕಡೆ ಎಕ್ಸ್‌ಎಂಪಿ ಎಂದೂ ಎಎಂಡಿ ಕಡೆ ಎಕ್ಸ್‌ಪೊ ಎಂದೂ ಹೆಸರು. ಮೊದಲನೆಯದು ಬಂದದ್ದು 2007ರಲ್ಲಿ, ಎರಡನೆಯದು 2022ರಲ್ಲಿ. ಮಾಣಿ ಒತ್ತಿದ್ದು ಇದನ್ನೇ. ಡಬ್ಬದ ಮೇಲೆ ದೊಡ್ಡದಾಗಿ 3600 ಎಂದು ಅಚ್ಚಾಗಿದ್ದರೂ ಈ ಗುಂಡಿ ಒತ್ತದಿದ್ದರೆ ರ‍್ಯಾಮ್ ತನ್ನ ಸಾದಾ ವೇಗದಲ್ಲೇ ಕೂತಿರುತ್ತದೆ. ಒತ್ತಿದರೆ ಪ್ರೊಸೆಸರ್ ಕಂಪನಿಯ ಕಾಗದಪತ್ರದ ಪ್ರಕಾರ ಅದು ಓವರ್‌ಕ್ಲಾಕಿಂಗ್. ಮಾರುವವನು ‘ಇದೇ ವೇಗ’ ಎನ್ನುತ್ತಾನೆ, ಪ್ರೊಸೆಸರ್ ಮಾಡಿದವನು ‘ಇದು ನಿನ್ನ ಹೊಣೆ’ ಎನ್ನುತ್ತಾನೆ. ಗಿರಾಕಿ ನಡುವೆ.

ಬಿಸಿಯ ವಿಷಯಕ್ಕೆ ಬಂದರೆ ಇದು ಎಷ್ಟು ದೊಡ್ಡದು? ಒಂದು ಡಿಡಿಆರ್4 ಸ್ಟಿಕ್ ಸಾಮಾನ್ಯವಾಗಿ ಎರಡು-ಮೂರು ವ್ಯಾಟ್ ತಿನ್ನುತ್ತದೆ. ಎಕ್ಸ್‌ಎಂಪಿ ಹಾಕಿದರೆ ನಾಲ್ಕೋ ಐದೋ. ಅದೇ ಪೆಟ್ಟಿಗೆಯಲ್ಲಿ ಕೂತ ಇಂಟೆಲ್ ಐ9-14900ಕೆ ಪ್ರೊಸೆಸರಿನ ಅಧಿಕೃತ ಗರಿಷ್ಠ ಟರ್ಬೊ ಖರ್ಚು 253 ವ್ಯಾಟ್. ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿನದು 450. ಆನೆ ಹೋದ ಹಾದಿಯಲ್ಲಿ ಇರುವೆಯ ಹೆಜ್ಜೆ ಹುಡುಕಿದಂತೆ ನಾವು ರ‍್ಯಾಮನ್ನು ಬೈಯುತ್ತಿದ್ದೇವೆ.

---

ಕೆಳಗಿಳಿದ ವೋಲ್ಟೇಜ್

ಡಿಡಿಆರ್: 2.5 ವೋಲ್ಟ್ (400ರ ವೇಗದ್ದಕ್ಕೆ 2.6)
ಡಿಡಿಆರ್2: 1.8
ಡಿಡಿಆರ್3: 1.5
ಡಿಡಿಆರ್4: 1.2
ಡಿಡಿಆರ್5: 1.1

ಪ್ರತಿ ಪೀಳಿಗೆಯೂ ಹಿಂದಿನದಕ್ಕಿಂತ ವೇಗ. ಆದರೂ ಓವರ್‌ಕ್ಲಾಕಿಂಗ್ ಕಿಟ್‌ಗಳು ಪ್ರತಿ ಸಲವೂ ಈ ಗೆರೆ ದಾಟುತ್ತವೆ. ಡಿಡಿಆರ್5ರಲ್ಲಿ 1.35, 1.4 ವೋಲ್ಟಿನವೂ ಮಾರುಕಟ್ಟೆಯಲ್ಲಿವೆ.

---

ಇರುವೆಯ ಜೊತೆ ಬಂದ ಆನೆ

ಇಲ್ಲೊಂದು ತಿರುವಿದೆ. ರ‍್ಯಾಮ್ ಒಬ್ಬಂಟಿಯಲ್ಲ. ಅದರೊಂದಿಗೆ ಮಾತಾಡುವ ಮೆಮೊರಿ ಕಂಟ್ರೋಲರ್ ಮೊದಲು ಮದರ್‌ಬೋರ್ಡಿನ ಬೇರೆ ಚಿಪ್ಪಿನಲ್ಲಿತ್ತು. 2003ರಲ್ಲಿ ಎಎಂಡಿ ಅಥ್ಲಾನ್ 64ರಲ್ಲಿ, 2008ರಲ್ಲಿ ಇಂಟೆಲ್ ಮೊದಲ ಕೋರ್ ಐ7ರಲ್ಲಿ ಅದನ್ನು ಪ್ರೊಸೆಸರಿನ ಒಳಗೇ ತಂದು ಕೂರಿಸಿದವು. ಅಂದಿನಿಂದ ರ‍್ಯಾಮಿನ ವೇಗ ಏರಿಸುವುದೆಂದರೆ ಪ್ರೊಸೆಸರಿನ ಒಂದು ಭಾಗವನ್ನೂ ಜೊತೆಗೇ ಓಡಿಸಿದಂತೆ. ಅದಕ್ಕೂ ಹೆಚ್ಚು ವೋಲ್ಟೇಜ್ ಬೇಕು. ಎಷ್ಟು ಬೇಕೆಂದು ತೀರ್ಮಾನಿಸುವುದು ಬಹಳ ಸಲ ಮದರ್‌ಬೋರ್ಡ್. ಅದು ಧಾರಾಳಿ, ಮಷಿನ್ ಹ್ಯಾಂಗ್ ಆಗಿ ದೂರು ಬರುವುದಕ್ಕಿಂತ ಎರಡು ಚಮಚ ಹೆಚ್ಚೇ ಬಡಿಸುತ್ತದೆ.

2023ರ ಏಪ್ರಿಲ್‌ನಲ್ಲಿ ಈ ಧಾರಾಳತನ ಜಗತ್ತಿಗೇ ಗೊತ್ತಾಯಿತು. ಎಎಂಡಿ ರೈಜನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರುಗಳು ಕೆಲವರ ಮನೆಯಲ್ಲಿ ಸುಟ್ಟುಹೋದವು. ಅಡಿಭಾಗ ಉಬ್ಬಿ, ಸಾಕೆಟ್ ಕರಕಲಾದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಮೆಮೊರಿಗೆಂದು ಎಕ್ಸ್‌ಪೊ ಚಾಲೂ ಮಾಡಿದಾಗ ಕೆಲವು ಬೋರ್ಡುಗಳು ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜನ್ನು ಅತಿಯಾಗಿ ಏರಿಸುತ್ತಿದ್ದವು. ಎಎಂಡಿ ತಡಮಾಡದೆ ಆ ವೋಲ್ಟೇಜ್ 1.3 ದಾಟದಂತೆ ಕಟ್ಟುಹಾಕಿತು, ಬೋರ್ಡ್ ಕಂಪನಿಗಳು ಹೊಸ ಬಯೋಸ್ ಬಿಟ್ಟವು. ‘ರ‍್ಯಾಮ್ ಓವರ್‌ಕ್ಲಾಕ್ ಮಾಡಿದರೆ ಸುಡುತ್ತದೆ’ ಎಂಬ ಮಾತಿಗೆ ಗಟ್ಟಿ ಸಾಕ್ಷಿ ಬೇಕೆಂದರೆ ಇದೇ. ಆದರೆ ಸುಟ್ಟದ್ದು ರ‍್ಯಾಮ್ ಅಲ್ಲ, ಸುಟ್ಟದ್ದಕ್ಕೆ ಕಾರಣ ವೇಗವೂ ಅಲ್ಲ.

ಮರುವರ್ಷ ಇಂಟೆಲ್ ಸರದಿ. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕಾರಣವಿಲ್ಲದೆ ಕುಸಿಯತೊಡಗಿದವು. ಓವರ್‌ಕ್ಲಾಕ್ ಎಂಬ ಪದ ಕೇಳದವರ ಮಷಿನ್ನುಗಳೂ ಅದರಲ್ಲಿದ್ದವು. ಚಿಪ್ಪು ತಾನೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಬೋರ್ಡು ಕೊಡುತ್ತಿತ್ತು. 2024ರ ಆಗಸ್ಟಿನಲ್ಲಿ ಇಂಟೆಲ್ ಮೈಕ್ರೊಕೋಡ್ ತಿದ್ದಿ ಆ ಕೋರಿಕೆಗೆ ಮಿತಿ ಹಾಕಿತು, ವಾರಂಟಿಯನ್ನೂ ಎರಡು ವರ್ಷ ಮುಂದಕ್ಕೆ ಹಾಕಿತು. ನಿಮ್ಮಲ್ಲಿ ಆ ಪೀಳಿಗೆಯ ಮಷಿನ್ ಇದ್ದು, ಕೊಂಡ ದಿನದಿಂದ ಬಯೋಸ್ ಅಪ್‌ಡೇಟ್ ಮಾಡಿಲ್ಲವಾದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಮಾಡಿಸಿಕೊಳ್ಳಿ.

ಹರಳು ಕಿತ್ತು ಹಾಕಿದ ಕಾಲ

ಕೊಟ್ಟದ್ದಕ್ಕಿಂತ ಹೆಚ್ಚು ಓಡಿಸುವ ಚಟ ಹೊಸದೇನಲ್ಲ. 1984ರಲ್ಲಿ ಐಬಿಎಂ ತಂದ ಪಿಸಿ ಎಟಿ 6 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತಿತ್ತು. ಅದರ ಗಡಿಯಾರದ ಹರಳು ಕಿತ್ತು ಬೇರೆ ಹರಳು ಸಿಕ್ಕಿಸಿದರೆ 8ಕ್ಕೆ ಏರುತ್ತಿತ್ತು. ಪುಡಿಗಾಸಿನ ಕೆಲಸ. ಐಬಿಎಂಗೆ ಸಿಟ್ಟು ಬಂದು ಮುಂದಿನ ಬಯೋಸಿನಲ್ಲಿ ವೇಗದ ಪರೀಕ್ಷೆ ಸೇರಿಸಿ ಆ ಬಾಗಿಲು ಮುಚ್ಚಿತು.

1998ರ ಸೆಲೆರಾನ್ 300ಎ ಅಂತೂ ಈ ಪಂಥದ ಪುರಾಣಪುರುಷ. ಮದರ್‌ಬೋರ್ಡಿನ ಬಸ್ಸಿನ (ದತ್ತಾಂಶ ಹರಿಯುವ ದಾರಿಯ) ವೇಗ 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಅಗ್ಗದ ಚಿಪ್ಪು 450 ಆಗಿಬಿಡುತ್ತಿತ್ತು. ಬಹಳ ಜನರ ಚಿಪ್ಪು ವೋಲ್ಟೇಜ್ ಮುಟ್ಟದೆಯೇ, ಸಾದಾ ಫ್ಯಾನಿನಲ್ಲಿಯೇ ಆ ವೇಗಕ್ಕೆ ಏರಿತು. ಆಗ ಕಂಪನಿಗಳು ಚಿಪ್ಪಿನಲ್ಲಿ ಬಹಳಷ್ಟು ಕಸುವು ಬಳಸದೆ ಉಳಿಸುತ್ತಿದ್ದವು. ಈಗ ಉಳಿಸುವುದಿಲ್ಲ. ಟರ್ಬೊ ಎಂಬ ಹೆಸರಿನಲ್ಲಿ ಕೊನೆಯ ಹನಿಯವರೆಗೆ ಅವರೇ ಹಿಂಡಿ ಮಾರುತ್ತಾರೆ. ಹಾಗಾಗಿ ಇವತ್ತು ಕೈಯಾರೆ ಓವರ್‌ಕ್ಲಾಕ್ ಮಾಡಿ ಸಿಗುವುದು ಚೂರು, ಕಕ್ಕುವ ಬಿಸಿ ಮಾತ್ರ ಬುಟ್ಟಿ ತುಂಬ. ಇನ್ನೂರು ಮೆಗಾಹರ್ಟ್ಸ್ ಹೆಚ್ಚಿಸಲು ಹೋಗಿ ಕೋಣೆಗೆ ಇನ್ನೊಂದು ಫ್ಯಾನ್ ಕೊಳ್ಳುವವರನ್ನು ನೋಡಿದರೆ ನನಗೆ ಕನಿಕರವೇ.

ದ್ರವ ಸಾರಜನಕ ಸುರಿದು ಪ್ರೊಸೆಸರನ್ನು 9 ಗಿಗಾಹರ್ಟ್ಸ್ ದಾಟಿಸುವ ಪಂದ್ಯಗಳ ವಿಡಿಯೊ ನೀವೂ ನೋಡಿರಬಹುದು. ಮೈನಸ್ 196 ಡಿಗ್ರಿ! ಆ ಸಾಹಸಿಗಳ ಮೊದಲ ಶತ್ರು ಬಿಸಿಯಲ್ಲ, ತಣ್ಣಗಿನ ಲೋಹದ ಮೇಲೆ ಗಾಳಿಯಿಂದ ಇಳಿಯುವ ನೀರು. ಅದನ್ನು ತಡೆಯಲು ಬೋರ್ಡಿಗೆಲ್ಲ ವ್ಯಾಸಲೀನ್ ಮೆತ್ತುತ್ತಾರೆ. ಭಟ್ಕಳದ ಮೇ ತಿಂಗಳ ಗಾಳಿಯಲ್ಲಿ ಆ ಪಂದ್ಯ ಇಟ್ಟರೆ ಕೆಳಗೆ ಬಾಲ್ದಿ ಇಡಬೇಕಾದೀತು.

ಹೀಟ್‌ಸಿಂಕ್ ಬೆವರುವುದಿಲ್ಲ

ನಮ್ಮ ಕರಾವಳಿಯ ಸೆಕೆ ಲೆಕ್ಕಕ್ಕೆ ಸಿಗದ ಪ್ರಾಣಿ. ಹವಾಮಾನ ಇಲಾಖೆಗೆ ಹೊನ್ನಾವರದಲ್ಲೂ ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲೂ ವೀಕ್ಷಣಾ ಕೇಂದ್ರಗಳಿವೆ. ಅಲ್ಲಿನ ಪಾದರಸ ಬಯಲುಸೀಮೆಯಂತೆ ನಲವತ್ತಕ್ಕೆ ಜಿಗಿಯುವುದು ಅಪರೂಪ. ಬಯಲಿನಲ್ಲಿ 40 ಮುಟ್ಟದೆ ಬಿಸಿಗಾಳಿ ಎಂದು ಇಲಾಖೆ ಕರೆಯುವುದಿಲ್ಲ. ಕರಾವಳಿಗೆ ಆ ಗೆರೆಯನ್ನು 37ಕ್ಕೆ ಇಳಿಸಿದ್ದಾರೆ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕೆಂಬ ಷರತ್ತಿನೊಂದಿಗೆ. 33 ಡಿಗ್ರಿಯಲ್ಲೇ ನಾವು ಬೇಯುವುದು ಗಾಳಿಯ ತೇವದಿಂದ. ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ.

ಆದ್ದರಿಂದ ಕಂಪ್ಯೂಟರಿಗೂ ಹಾಗೇ ಎಂದು ಭಾವಿಸುತ್ತೇವೆ. ಅಲ್ಲ. ಹೀಟ್‌ಸಿಂಕ್ ಬೆವರುವುದಿಲ್ಲ. ಅದಕ್ಕೆ ಬೇಕಾದದ್ದು ತನಗಿಂತ ತಣ್ಣಗಿರುವ ಗಾಳಿ, ಆ ಗಾಳಿಯಲ್ಲಿ ತೇವ ಎಷ್ಟಿದೆ ಎಂಬುದು ತಣಿಯುವ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಕಲಬುರಗಿಯ ಒಣ 42 ಡಿಗ್ರಿಗಿಂತ ಕುಮಟಾದ ಹಸಿ 33 ಡಿಗ್ರಿ ಪ್ರೊಸೆಸರಿಗೆ ಸ್ವರ್ಗ.

ಕೋಣೆಯ ಗಾಳಿ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪು ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ. 24 ಡಿಗ್ರಿಯ ಎಸಿ ಕೋಣೆಯಲ್ಲಿ 80 ತೋರಿಸುವ ಪ್ರೊಸೆಸರ್, 34 ಡಿಗ್ರಿಯ ಹೆಂಚಿನ ಮಾಡಿನ ಕೋಣೆಯಲ್ಲಿ 90 ತೋರಿಸೀತು. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಚಿಪ್ಪುಗಳು 100 ಡಿಗ್ರಿಯಲ್ಲಿ, ರೈಜನ್ 7000 ಸರಣಿಯ ಹೆಚ್ಚಿನವು 95ರಲ್ಲಿ ತಾವಾಗಿಯೇ ವೇಗ ತಗ್ಗಿಸುತ್ತವೆ. ವಿಡಿಯೊ ರೆಂಡರ್ ಬೆಳಗಿನ ಜಾವ ಬೇಗ ಮುಗಿದು ಮಧ್ಯಾಹ್ನ ಎಳೆಯುವುದು ಇದಕ್ಕೇ. ದುಬೈನಿಂದ ಬಂದ ಗೇಮಿಂಗ್ ಮಷಿನ್ ಅಲ್ಲಿಯ ಎಸಿಯಲ್ಲಿ ಕುದುರೆಯಂತೆ ಓಡಿ, ಭಟ್ಕಳದ ಮಾಳಿಗೆ ಕೋಣೆಯಲ್ಲಿ ಕುಂಟಿದರೆ ಅದರಲ್ಲಿ ಭಾಗ ಕೆಟ್ಟಿದೆ ಎಂದಲ್ಲ.

ನೀರು ಹಾಕುವ ಏರ್ ಕೂಲರ್ ತಂದು ಪಕ್ಕದಲ್ಲಿಡುವ ಯೋಚನೆ ಇದ್ದರೆ ಬಿಡಿ. ಇಲ್ಲಿನ ತೇವದಲ್ಲಿ ಅದು ತಂಪು ಕೊಡುವುದು ಅಷ್ಟಕ್ಕಷ್ಟೇ, ಹಸಿಗಾಳಿಯನ್ನು ನೇರ ಬೋರ್ಡಿನ ಮೇಲೆ ಊದುವುದು ಮಾತ್ರ ಖಂಡಿತ.

---

ಸಮುದ್ರದಡಿಯ ಸರ್ವರ್

2018ರಲ್ಲಿ ಮೈಕ್ರೊಸಾಫ್ಟ್ ‘ಪ್ರಾಜೆಕ್ಟ್ ನ್ಯಾಟಿಕ್’ ಹೆಸರಿನಲ್ಲಿ 864 ಸರ್ವರುಗಳನ್ನು ಉಕ್ಕಿನ ಕೊಳವೆಯಲ್ಲಿ ಮುಚ್ಚಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಬಳಿ ಸಮುದ್ರದ ತಳದಲ್ಲಿ ಇಳಿಸಿತು. 2020ರಲ್ಲಿ ಮೇಲೆತ್ತಿ ನೋಡಿದಾಗ ಕೆಟ್ಟವುಗಳ ಪ್ರಮಾಣ ನೆಲದ ಮೇಲಿನದರ ಎಂಟನೇ ಒಂದು ಭಾಗ. ಸಮುದ್ರ ತಣಿಸಿತು ನಿಜ. ಆದರೆ ಕೊಳವೆಯೊಳಗೆ ತುಂಬಿದ್ದು ಒಣ ಸಾರಜನಕ. ಆಮ್ಲಜನಕ, ತೇವ, ಮನುಷ್ಯರ ಓಡಾಟ, ಯಾವುದೂ ಅಲ್ಲಿರಲಿಲ್ಲ.

---

ಉಪ್ಪು ಮತ್ತು ಹೆದ್ದಾರಿ

ಹಾಗಾದರೆ ತೇವ ನಿರಪರಾಧಿಯೇ? ಬಿಸಿಯ ಪ್ರಕರಣದಲ್ಲಿ ಹೌದು. ಬೇರೆ ಪ್ರಕರಣದಲ್ಲಿ ಮೊದಲನೇ ಆರೋಪಿ.

ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ ಸಮುದ್ರದ ನೀರು ಗದ್ದೆಗೆ ಬಿಟ್ಟು ಉಪ್ಪು ತೆಗೆಯುವುದು ಎಲ್ಲರಿಗೂ ಗೊತ್ತು. ಆ ಹರಳುಪ್ಪನ್ನು ಭರಣಿಯಲ್ಲಿಟ್ಟ ಮನೆಯವರಿಗೆ ಆಷಾಢದಲ್ಲಿ ಅದು ನೀರೊಡೆಯುವುದೂ ಗೊತ್ತು. ಶುದ್ಧ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ 75 ಶೇಕಡಾ ದಾಟಿದರೆ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರುವುದರಿಂದ ಅದಕ್ಕೂ ಮೊದಲೇ ಒದ್ದೆಯಾಗತೊಡಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಳಿ ಆ ಗೆರೆಯ ಮೇಲೇ ಇರುತ್ತದೆ.

ಕಡಲಗಾಳಿ ಇದೇ ಉಪ್ಪನ್ನು ಕಣ್ಣಿಗೆ ಕಾಣದ ಕಣಗಳಲ್ಲಿ ಹೊತ್ತು ತರುತ್ತದೆ. ಅದಕ್ಕೆ ಸೇರುವುದು ರಾಷ್ಟ್ರೀಯ ಹೆದ್ದಾರಿ 66ರ ಧೂಳು. ಚತುಷ್ಪಥ ಮಾಡಲು ಜಂಬಿಟ್ಟಿಗೆಯ ಗುಡ್ಡ ಕಡಿದಲ್ಲೆಲ್ಲ ವರ್ಷಗಟ್ಟಲೆ ಕೆಂಪು ಪುಡಿ ಎದ್ದಿದೆ. ರಸ್ತೆ ಬದಿಯ ಅಂಗಡಿಯ ಕ್ಯಾಬಿನೆಟ್ ಬಿಚ್ಚಿದರೆ ಸಿಗುವುದು ಬರೀ ಧೂಳಲ್ಲ, ಉಪ್ಪು ಹಾಕಿದ ಧೂಳು. ಬೇಸಿಗೆಯಲ್ಲಿ ಅದು ಎಸಳುಗಳ ನಡುವೆ ತುಂಬಿ ಗಾಳಿ ತಡೆಯುತ್ತದೆ. ಮಳೆಗಾಲದಲ್ಲಿ ಒದ್ದೆಯಾಗಿ ಬೋರ್ಡಿನ ಎರಡು ಗೆರೆಗಳ ನಡುವೆ ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಡುತ್ತದೆ, ತಾಮ್ರವನ್ನು ಹಸಿರುಗಟ್ಟಿಸುತ್ತದೆ, ರ‍್ಯಾಮಿನ ಚಿನ್ನದ ಹಲ್ಲುಗಳಿಗೂ ಸ್ಲಾಟಿನ ಮುಳ್ಳುಗಳಿಗೂ ನಡುವೆ ಪದರ ಕಟ್ಟುತ್ತದೆ.

ಮಷಿನ್ ಚಾಲೂ ಆಗದೆ ಬೀಪ್ ಬೀಪ್ ಎಂದಾಗ ನಮ್ಮ ರಿಪೇರಿ ಹುಡುಗರು ಮಾಡುವ ಮೊದಲ ಕೆಲಸ ರ‍್ಯಾಮ್ ಕಿತ್ತು, ಶಾಲೆ ಮಕ್ಕಳ ರಬ್ಬರಿನಿಂದ ಹಲ್ಲು ಉಜ್ಜಿ, ತಿರುಗಿ ಹಾಕುವುದು. ನೂರಕ್ಕೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಪುಸ್ತಕದ ಪ್ರಕಾರ ಇದು ತಪ್ಪು, ಉಜ್ಜಿ ಉಜ್ಜಿ ಚಿನ್ನದ ತೆಳು ಲೇಪ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಸರಿ. ಆದರೂ ಮೊದಲ ಸಲ ಮೆಲ್ಲಗೆ ಉಜ್ಜಿದರೆ ನಾನು ಜಗಳಕ್ಕೆ ಹೋಗಲಾರೆ. ಗಮನಿಸಬೇಕಾದ್ದು ಇಷ್ಟೇ: ಇಲ್ಲಿಯೂ ಬೈಸಿಕೊಂಡದ್ದು ರ‍್ಯಾಮ್, ಕೆಡಿಸಿದ್ದು ಗಾಳಿ.

ಅಂಗಡಿಯ ಹುಡುಗನ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಋತು. “ಬೇಸಿಗೆಗೆ ಫ್ಯಾನು, ಮಳೆಗಾಲಕ್ಕೆ ರಬ್ಬರು.”

ಸೋರುವ ಕೊಡ

ರ‍್ಯಾಮ್ ಬಿಸಿ ಮಾಡುವುದು ಕಡಿಮೆ ಎಂದೆವು. ಬಿಸಿಗೆ ನರಳುವುದರಲ್ಲಿ ಮಾತ್ರ ಅದು ಮುಂದು. ಇದನ್ನು ಯಾರೂ ಹೇಳುವುದಿಲ್ಲ.

ಈಗಿನ ರ‍್ಯಾಮಿನ ಮೂಲ ಕಲ್ಪನೆ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದು. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದು ಬಿಟ್ ಹಿಡಿದಿಡಲು ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ತೊಂದರೆಯೆಂದರೆ ಕೊಡ ಸೋರುತ್ತದೆ. ಖಾಲಿಯಾಗುವ ಮೊದಲು ಓದಿ ತಿರುಗಿ ತುಂಬಬೇಕು. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. 8 ಜಿಬಿಯ ಒಂದು ಸ್ಟಿಕ್ಕಿನಲ್ಲಿ ಇಂಥ ಕೊಡಗಳು 6,800 ಕೋಟಿಗೂ ಹೆಚ್ಚು. ಡಿಡಿಆರ್4ರ ಮಾನದಂಡದ ಪ್ರಕಾರ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಒಂದು ಸುತ್ತು ತುಂಬಿ ಮುಗಿಸಬೇಕು.

ಬಿಸಿ ಏರಿದಂತೆ ಸೋರಿಕೆ ಹೆಚ್ಚು. ಹಾಗಾಗಿಯೇ ಚಿಪ್ಪು 85 ಡಿಗ್ರಿ ದಾಟಿದರೆ ಸುತ್ತನ್ನು 32 ಮಿಲಿಸೆಕೆಂಡಿಗೆ ಇಳಿಸಬೇಕೆಂದು ನಿಯಮ, 95ಕ್ಕೆ ಕೊನೆ. ವೇಗದ ಹುಚ್ಚಿರುವವರು ಮಾಡುವುದು ಇದಕ್ಕೆ ತದ್ವಿರುದ್ಧ. ತುಂಬುವ ಕೆಲಸ ಕಡಿಮೆಯಾದಷ್ಟೂ ಬೇರೆ ಕೆಲಸಕ್ಕೆ ಬಿಡುವು ಎಂದು ಎರಡು ತುಂಬುವಿಕೆಗಳ ನಡುವಿನ ಅಂತರ ಹಿಗ್ಗಿಸುತ್ತಾರೆ. ಆಗ 85 ಬೇಡ, ಐವತ್ತು-ಅರವತ್ತರಲ್ಲೇ ಬಿಟ್ ತಪ್ಪತೊಡಗಬಹುದು. ಅದರ ಮೇಲೆ ಡಿಡಿಆರ್5ರಲ್ಲಿ ವೋಲ್ಟೇಜ್ ಇಳಿಸುವ ಪಿಎಂಐಸಿ ಚಿಪ್ಪನ್ನು ಮದರ್‌ಬೋರ್ಡಿನಿಂದ ಎತ್ತಿ ಸ್ಟಿಕ್ಕಿನ ಮೇಲೇ ಕೂರಿಸಿದ್ದಾರೆ. ಅದರ ಬಿಸಿಯೂ ಈಗ ಸ್ಟಿಕ್ಕಿನ ಪಾಲು. ಕೆಳಗಿನಿಂದ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ಏರಿ ಬರುವುದು ಮೊದಲಿನಿಂದಲೂ ಇದ್ದದ್ದೇ.

ಪ್ರೊಸೆಸರ್ ಕಾದರೆ ತಾನೇ ನಿಧಾನವಾಗುತ್ತದೆ, ತೀರಾ ಕಾದರೆ ಮಷಿನ್ ಬಂದ್ ಮಾಡುತ್ತದೆ. ಗಲಾಟೆ ಮಾಡಿಯಾದರೂ ಹೇಳುತ್ತದೆ. ಸಾದಾ ರ‍್ಯಾಮ್ ಹೇಳುವುದಿಲ್ಲ. ಒಂದು ಬಿಟ್ ಸುಮ್ಮನೆ ಮಗುಚಿಕೊಳ್ಳುತ್ತದೆ. ಆಲ್ಬಮ್ಮಿನ ಫೋಟೊದಲ್ಲಿ ಒಂದು ಬಣ್ಣದ ಪಟ್ಟೆ, ಸೊಸೈಟಿಯ ಲೆಕ್ಕದಲ್ಲಿ ಒಂದು ತಪ್ಪು ಅಂಕಿ, ಎಂದೋ ಒಮ್ಮೆ ನೀಲಿ ಪರದೆ. ತಪ್ಪು ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಸರ್ವರುಗಳಲ್ಲಿದೆ, ಮನೆ-ಅಂಗಡಿಯ ಮಷಿನ್ನುಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಇಷ್ಟು ಹೇಳಿ ಹೆದರಿಸಿದ ಮೇಲೆ ಇನ್ನೊಂದು ಮಾತೂ ಹೇಳಬೇಕು. ಟೊರಾಂಟೊ ವಿಶ್ವವಿದ್ಯಾಲಯ ಮತ್ತು ಗೂಗಲ್ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಗೂಗಲ್‌ನ ಸಾವಿರಾರು ಸರ್ವರುಗಳ ಮೆಮೊರಿಯನ್ನು ಎರಡೂವರೆ ವರ್ಷ ಗಮನಿಸಿತ್ತು. ವರ್ಷವೊಂದರಲ್ಲಿ ಮೂರನೇ ಒಂದರಷ್ಟು ಮಷಿನ್ನುಗಳಲ್ಲಿ, ಶೇಕಡಾ 8ಕ್ಕೂ ಹೆಚ್ಚು ಸ್ಟಿಕ್ಕುಗಳಲ್ಲಿ ಒಂದಾದರೂ ತಪ್ಪು ಕಂಡುಬಂತು. ಎಲ್ಲರೂ ನಂಬಿದ್ದಕ್ಕಿಂತ ಇದು ಬಹಳ ಹೆಚ್ಚು. ಆದರೆ ತಪ್ಪುಗಳಿಗೂ ತಾಪಕ್ಕೂ ಕಂಡ ಸಂಬಂಧ ಅಚ್ಚರಿ ಹುಟ್ಟಿಸುವಷ್ಟು ಸಣ್ಣದು. ಮಷಿನ್ ಎಷ್ಟು ದುಡಿಯುತ್ತಿತ್ತು ಎಂಬುದೇ ಹೆಚ್ಚು ಮುಖ್ಯವಾಗಿತ್ತು. ಅವು ನಿಯಮದ ವೋಲ್ಟೇಜಿನಲ್ಲಿ, ನಿಯಮದ ವೇಗದಲ್ಲಿ, ಒಳ್ಳೆಯ ಗಾಳಿಯಲ್ಲಿ ಓಡುತ್ತಿದ್ದ ಸರ್ವರುಗಳು. ಗೆರೆಯೊಳಗಿದ್ದರೆ ನಾಲ್ಕು ಡಿಗ್ರಿ ಹೆಚ್ಚುಕಮ್ಮಿ ರ‍್ಯಾಮಿಗೆ ದೊಡ್ಡದಲ್ಲ. ಗೆರೆಯನ್ನೇ ಒರೆಸಿಕೊಂಡವನಿಗೆ ಒಂದೊಂದು ಡಿಗ್ರಿಯೂ ದೊಡ್ಡದು.

---

ಬೆಂಗಳೂರಿನಲ್ಲಿ ನೀರು

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲೂ ಆದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರಿನ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್. ಫ್ಯಾನಿನ ಗಾಳಿಯನ್ನೇ ನೆಚ್ಚದೆ ಚಿಪ್ಪುಗಳ ಪಕ್ಕಕ್ಕೇ ದ್ರವ ಹರಿಸಿ ಬಿಸಿ ಹೊರಗೆ ಒಯ್ಯುವ ವ್ಯವಸ್ಥೆ ಅದರದು.

---

ತಗ್ಗಿಸಿ ನೋಡಿ

ವೋಲ್ಟೇಜಿನ ವರ್ಗದ ಸೂತ್ರ ಏರುವಾಗ ಕೊಲ್ಲುತ್ತದೆ, ಇಳಿಯುವಾಗ ಅಷ್ಟೇ ಉಪಕಾರಿ. ವೇಗ ತುಸು ತಗ್ಗಿಸಿದರೆ ವೋಲ್ಟೇಜೂ ತಗ್ಗಿಸಬಹುದು, ಎರಡೂ ಸೇರಿ ಬಿಸಿ ಬಹಳ ಇಳಿಯುತ್ತದೆ. ಪ್ರೊಸೆಸರಿನ ವಿದ್ಯುತ್ತನ್ನು ಅರ್ಧಕ್ಕಿಳಿಸಿದರೂ ಕೆಲಸ ಅರ್ಧಕ್ಕಿಳಿಯುವುದಿಲ್ಲ. ಎಎಂಡಿ ಬೋರ್ಡುಗಳಲ್ಲಿ ಇಕೊ ಮೋಡ್ ಎಂಬ ಗುಂಡಿಯಿದೆ, ಇಂಟೆಲ್ ಬೋರ್ಡುಗಳಲ್ಲಿ ವಿದ್ಯುತ್ ಮಿತಿಯನ್ನು ಕೈಯಾರೆ ಬರೆಯಬಹುದು. ಮೇ ತಿಂಗಳ ಮಟ್ಟಿಗೆ ಕರಾವಳಿಯ ಎಲ್ಲ ಸ್ಟುಡಿಯೊಗಳೂ ಇದನ್ನು ಮಾಡಿದರೆ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಗೇಮರುಗಳು ಒಪ್ಪಲಿಕ್ಕಿಲ್ಲ.

ಎಕ್ಸ್‌ಎಂಪಿ ಬೇಕೇ ಬೇಕೆಂದರೆ ಹಾಕಿಕೊಳ್ಳಿ, ಮಾಣಿಯನ್ನು ಬೈಯಬೇಡಿ. ಬಯೋಸ್ ಹೊಸದಿರಲಿ. ಮದರ್‌ಬೋರ್ಡ್ ಜೊತೆಗೆ ಏರಿಸಿದ ಉಳಿದ ವೋಲ್ಟೇಜುಗಳನ್ನು ಒಮ್ಮೆ ನೋಡಿ. ಡಿಡಿಆರ್5 ಸ್ಟಿಕ್ಕುಗಳಲ್ಲಿ ತಾಪ ತೋರಿಸುವ ಸೆನ್ಸರ್ ಇರುತ್ತದೆ, ಎಚ್‌ಡಬ್ಲ್ಯುಇನ್ಫೊದಂಥ ಉಚಿತ ತಂತ್ರಾಂಶದಲ್ಲಿ ಕಾಣುತ್ತದೆ. ಡಿಡಿಆರ್4ರ ಸಾದಾ ಸ್ಟಿಕ್ಕುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ, ಅಲ್ಲಿ ಬೆರಳೇ ಸೆನ್ಸರ್.

ಎಸಿ ಕೋಣೆಯ ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. ಮೇ ತಿಂಗಳಲ್ಲಿ ನಮ್ಮ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸು. 20-22ಕ್ಕೆ ತಣಿದ ಲ್ಯಾಪ್‌ಟಾಪನ್ನು ಹೊರತಂದರೆ ಕನ್ನಡಕ ಮಬ್ಬಾದ ಹಾಗೆ ಅದರೊಳಗೂ ನೀರು ಕೂರುತ್ತದೆ. ಚೀಲದೊಳಗೇ ಕಾಲು ತಾಸು ಬಿಟ್ಟು ತೆಗೆಯಿರಿ. ಮಳೆಗಾಲದಲ್ಲಿ ಬಳಸದ ಮಷಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುವುದಕ್ಕಿಂತ ದಿನಾ ಅರ್ಧ ತಾಸು ಓಡಿಸುವುದು ಒಳ್ಳೆಯದು. ಆಗ ಅದರ ಸ್ವಂತ ಬಿಸಿಯೇ ತೇವ ಓಡಿಸುತ್ತದೆ.

ಓವರ್‌ಕ್ಲಾಕ್ ಮಾಡುವವರಿಗೆ ನಮ್ಮ ಕರಾವಳಿಯಲ್ಲಿ ಒಂದು ವಿಶೇಷ ಅಡಚಣೆಯಿದೆ. ಹೊಸ ಮಷಿನ್ನು ಕಟ್ಟಿ ವೇಗ ಪರೀಕ್ಷಿಸುವ ಹುಮ್ಮಸ್ಸು ಬರುವುದು ಡಿಸೆಂಬರ್-ಜನವರಿಯಲ್ಲಿ, ರಾತ್ರಿ ತಂಪಾಗಿ ಗಾಳಿ ಒಣಗಿರುವಾಗ. ಆಗ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆ ಇಡೀ ರಾತ್ರಿ ಓಡಿದರೂ ಒಂದು ತಪ್ಪು ತೋರಿಸದು. ಅದೇ ಸೆಟ್ಟಿಂಗು ಏಪ್ರಿಲ್ ಕೊನೆಗೆ, ಕೋಣೆ ಹತ್ತು-ಹನ್ನೆರಡು ಡಿಗ್ರಿ ಏರಿದಾಗ, ಗ್ರಾಫಿಕ್ಸ್ ಕಾರ್ಡೂ ದುಡಿಯುತ್ತಿರುವಾಗ ಮಗುಚುತ್ತದೆ. ಜನವರಿಯ ಪಾಸು ಮೇ ತಿಂಗಳಿಗೆ ಲೆಕ್ಕಕ್ಕಿಲ್ಲ. ಪರೀಕ್ಷೆ ಮಾಡುವುದಾದರೆ ಮೇ ತಿಂಗಳಲ್ಲೇ ಮಾಡಿ. ಮಧ್ಯಾಹ್ನ ಎರಡು ಗಂಟೆಗೆ, ಕ್ಯಾಬಿನೆಟ್ಟಿನ ಬಾಗಿಲು ಹಾಕಿ, ಎಸಿ ಬಂದ್ ಮಾಡಿ, ಮೆಮೊರಿ ಪರೀಕ್ಷೆಯ ಜೊತೆಗೆ ಗ್ರಾಫಿಕ್ಸ್ ಕಾರ್ಡಿಗೂ ಕೆಲಸ ಕೊಟ್ಟು. ಅಲ್ಲಿ ಒಂದೇ ಒಂದು ತಪ್ಪು ಬಂದರೂ ವೇಗ ಒಂದು ಮೆಟ್ಟಿಲು ಇಳಿಸಿ, ಅದಕ್ಕೆಂದು ವೋಲ್ಟೇಜ್ ಏರಿಸಲು ಹೋಗಬೇಡಿ.